ಕೆನ್ನೆ ಮಟ್ಟದ ತೇವ

"ಗೋಡೆ ಮೇಲೆ ಹೆಸರು ಬರೀಬೇಡಿ ಮೇಡಂ," ಎಂದರು ಓವೈಸ್ ಮೇಸ್ತ್ರಿ. "ನಂಬರ್ ಬರೀರಿ, ಗೀಟು ಎಳೀರಿ, ಏನ್ ಬೇಕಾದ್ರೂ ಮಾಡಿ. ಮನುಷ್ಯರ ಹೆಸರು ಬೇಡ. ಈ ಗೋಡೆ ಮೇಲಂತೂ ಬೇಡವೇ ಬೇಡ."

ತೇಜಶ್ರೀ ಕೈಯಲ್ಲಿದ್ದ ಸೀಮೆಸುಣ್ಣವನ್ನು ತಿರುಗಿಸುತ್ತ ನಕ್ಕಳು. "ಯಾಕೆ, ಗೋಡೆಗೆ ಓದೋಕೆ ಬರುತ್ತಾ?"

"ಬರುತ್ತೆ."

ಮೇಸ್ತ್ರಿ ನಗಲಿಲ್ಲ. ಪ್ಲಾಸ್ಟಿಕ್ ಪರದೆಯ ಜಿಪ್ ಎಳೆದು ಹೊರಗೆ ಹೋಗಿ ಬ್ಲೋವರ್ ಮತ್ತೆ ಶುರು ಮಾಡಿದರು. ಕೋಣೆ ತುಂಬ ಗಾಳಿಯ ಬೊಬ್ಬೆ ಎದ್ದಿತು.

ಮರ್ಫಿ ಟೌನಿನ ಆ ಗಲ್ಲಿಗೆ ನೀರು ನುಗ್ಗಿ ಮೂರು ವಾರವಾಗಿತ್ತು. ಅಕ್ಟೋಬರಿನ ಮಳೆಗೆ ರಾಜಕಾಲುವೆ ಉಕ್ಕಿ, ಎರಡು ದಿನ ನೀರು ಮನೆಗಳೊಳಗೆ ಮೊಣಕಾಲುದ್ದ ನಿಂತು, ಹೋಗುವಾಗ ಎಲ್ಲ ಗೋಡೆಗಳ ಮೇಲೂ ಒಂದೇ ಎತ್ತರದ ಕಂದು ಗೆರೆ ಬಿಟ್ಟು ಹೋಗಿತ್ತು. ಅಂಥ ಕಟ್ಟಡಗಳನ್ನು ಒಣಗಿಸಿ ಸರಿಮಾಡುವ ಕಂಪನಿಯಲ್ಲಿ ತೇಜಶ್ರೀ ಕೆಲಸಕ್ಕೆ ಸೇರಿ ಮೂರು ತಿಂಗಳು. ತುಮಕೂರಿನ ಕಡೆಯವಳು. ಪುಣೆಯಲ್ಲಿ ತರಬೇತಿ ಮುಗಿಸಿ ಬಂದಿದ್ದಳು.

ನೀರು ಇಳಿದರೆ ಮನೆ ಒಣಗಿತು ಎಂದುಕೊಳ್ಳುತ್ತಾರೆ ಜನ. ನೆಲ ಒರೆಸುತ್ತಾರೆ, ಬಣ್ಣ ಬಳಿಯುತ್ತಾರೆ. ನೀರು ಒಳಗೇ ಇರುತ್ತದೆ. ಇಟ್ಟಿಗೆಯ ಹೊಟ್ಟೆಯಲ್ಲಿ, ಸ್ವಿಚ್ ಬೋರ್ಡಿನ ಬೆನ್ನಿಗೆ, ಬಾಗಿಲ ಚೌಕಟ್ಟಿನ ಬುಡದಲ್ಲಿ. ಮೊದಲು ಮನೆಯ ಮೇನ್ ಆಫ್ ಮಾಡಬೇಕು. ಯಂತ್ರಗಳಿಗೆ ಹೊರಗಿನಿಂದ ಬೇರೆ ಲೈನ್ ಎಳೆಯಬೇಕು. ಕೊಳೆತ ಗಾರೆ ಕೆರೆಯಬೇಕು. ಬೂಷ್ಟು ಬೇರೆ ಕೋಣೆಗೆ ಹಾರದಂತೆ ಪರದೆ ಕಟ್ಟಬೇಕು. ಗಾಳಿ ಹಾಯಿಸಿ, ತೇವ ಹೀರುವ ಯಂತ್ರವಿಟ್ಟು, ದಿನಾ ಮೀಟರ್ ಹಿಡಿದು ಅಳೆಯಬೇಕು. ಒಣಗುವ ಮುಂಚೆ ಮುಚ್ಚಬಾರದು.

ಕಿಟಕಿಗಳಿಗೂ ಪರದೆ ಬಿಗಿದಿದ್ದರಿಂದ ಹಗಲಲ್ಲೂ ಒಳಗೆ ಮಬ್ಬು. ಹಳೆಯ ಬಟ್ಟೆ, ಹಸಿ ಸುಣ್ಣ, ಸತ್ತ ಇಲಿ, ಎಲ್ಲ ಸೇರಿದ ವಾಸನೆ. ಮಾತಾಡಬೇಕಿದ್ದರೆ ಬ್ಲೋವರ್ ನಿಲ್ಲಿಸಬೇಕು ಎಂಬುದು ಓವೈಸ್ ಮೇಸ್ತ್ರಿಯ ನಿಯಮ. "ಈ ಗಾಳೀಲಿ ಹಾಕೂ ಒಂದೇ, ಹಾಕ್ಬೇಡಾನೂ ಒಂದೇ ಮೇಡಂ. ಮಾತಿನ ಬಾಲ ಹಾರಿ ಹೋಗುತ್ತೆ," ಎಂದಿದ್ದರು ಮೊದಲ ದಿನವೇ. ಹೆಬ್ಬೆರಳು ಎತ್ತಿದರೆ ಹಾಕು. ಕೈ ಅಡ್ಡ ಆಡಿಸಿದರೆ ಬೇಡ.

ಮೊದಲು ಅದು ಒಂದೇ ಮನೆ. ಅಣ್ಣ ತಮ್ಮಂದಿರಲ್ಲಿ ಅಣ್ಣ ತೀರಿಹೋಗಿ ಮನೆ ಪಾಲಾದಾಗ ಹಜಾರದ ನಡುವೆ ಗೋಡೆ ಎದ್ದಿತ್ತು. ಈ ಕಡೆ ತಮ್ಮ ಮುನಿರಾಜಪ್ಪ, ಹೆಂಡತಿ ಮುನಿಲಕ್ಷ್ಮಮ್ಮ. ಆ ಕಡೆ ಅಣ್ಣನ ಹೆಂಡತಿ ಆಂಜನಮ್ಮ, ಒಬ್ಬಳೇ. ವಾರಗಿತ್ತಿಯರು ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು.

"ಅವಳ ಕಡೆ ನೋಡಮ್ಮ," ಎಂದು ಮುನಿಲಕ್ಷ್ಮಮ್ಮ ದಿನಾ ದೂರುತ್ತಿದ್ದಳು. "ಬ್ಲೋವರಿಲ್ಲ, ಗೀವರಿಲ್ಲ, ಹಪ್ಪಳದ ಥರ ಒಣಗಿ ನಿಂತಿದೆ. ನಮ್ದು ಮಾತ್ರ ಬಾಣಂತಿ ಮನೆ. ನೀನು ಓದಿದೋಳು ತಾನೆ? ಒಂದು ಗೋಡೆಗೆ ಎರಡು ಬುದ್ಧಿ ಹೆಂಗೆ ಬಂತು?"

ತೇಜಶ್ರೀಗೂ ಅದು ತಿಳಿದಿರಲಿಲ್ಲ. ಕಂದು ಗೆರೆಯ ಕೆಳಗೆ, ನೀರು ನಿಂತಿದ್ದ ಕಡೆ, ಗೋಡೆ ಒಣಗಿತ್ತು. ಒದ್ದೆ ಇದ್ದದ್ದು ಮೇಲೆ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ, ಅಂಗೈಯಗಲದ, ಸ್ವಲ್ಪ ಉದ್ದನೆಯ ಒಂದು ಕಲೆ. ಪ್ರವಾಹ ಅಲ್ಲಿಗೆ ಮುಟ್ಟಿರಲಿಲ್ಲ. ಆ ಗೋಡೆಯಲ್ಲಿ ಪೈಪಿಲ್ಲ, ಮೇಲೆ ತಾರಸಿ ಸೋರುತ್ತಿಲ್ಲ. ಹನ್ನೆರಡು ದಿನದಿಂದ ಮೀಟರ್ ಅಲ್ಲಿ ಇಪ್ಪತ್ನಾಲ್ಕು ತೋರಿಸುತ್ತಿತ್ತು. ಒಂದು ಅಂಕಿ ಕದಲಿರಲಿಲ್ಲ.

"ಉಪ್ಪು," ಎಂದಿದ್ದಳು ತೇಜಶ್ರೀ. "ಗೋಡೇಲಿ ಉಪ್ಪಿದ್ರೆ ಮೀಟರ್ ಸುಳ್ಳು ಹೇಳುತ್ತೆ."

ಮೇಸ್ತ್ರಿ ಕಲೆಯ ಮೇಲೆ ಬೆರಳಾಡಿಸಿ ನಾಲಗೆಗೆ ಮುಟ್ಟಿಸಿಕೊಂಡರು. "ಉಪ್ಪು ನಿಜ ಮೇಡಂ. ಆದ್ರೆ ಇದು ಗೋಡೆ ಉಪ್ಪಲ್ಲ."

ಅವತ್ತೇ ಗಲ್ಲಿಯ ತುದಿಯಲ್ಲಿ ಚಹಾ ಕುಡಿಯುತ್ತ ಅವರು ಉಳಿದದ್ದನ್ನೂ ಹೇಳಿದ್ದರು.

"ಆ ಗೋಡೆ ನಾನೇ ಕಟ್ಟಿದ್ದು. ಒಂದೇ ಇಟ್ಟಿಗೆ ದಪ್ಪ. ನನ್ನ ಎದೆ ಮಟ್ಟ ಬಂದಾಗ ಆಂಜನಮ್ಮ, ಅದೇ ದೊಡ್ಡಮ್ಮ, ಒಂದು ಕುಡಿಕೆ ತಂದು ಕೊಟ್ರು, ಬಾಯಿಗೆ ಬಟ್ಟೆ ಕಟ್ಟಿತ್ತು. ಮನೆಗೆ ಒಳ್ಳೇದಾಗ್ಲಿ, ಒಳಗಿಟ್ಟು ಕಟ್ಟು ಅಂದ್ರು. ಕಟ್ಟಿದೆ. ಒಳಗಿದ್ದದ್ದು ಆಯಮ್ಮನ ಕರಿಮಣಿ ಅಂತ ಆಮೇಲೆ ಗೊತ್ತಾಯ್ತು. ಗಂಡ ಹೋದಾಗ ಬಿಚ್ಚಿದ್ದು. ಮಾಟ ಮಾಡಿಸ್ಕೊಂಡು ತಂದಿದ್ರು."

"ಯಾತಕ್ಕೆ?"

"ಗಂಡ ಸತ್ತಾಗ ಆಯಮ್ಮ ಒಂದು ಹನಿ ಅಳಲಿಲ್ಲ. ಬರಲಿಲ್ಲ, ಏನ್ಮಾಡೋದು. ಬೀದಿಯೆಲ್ಲ ಆಡ್ಕೊಂಡ್ತು. ನನ್ನ ಕಣ್ಣಲ್ಲಿ ಬಾರದ ನೀರು ಆ ವಾರಗಿತ್ತಿ ಗೋಡೇಲಿ ಬರ್ಲಿ ಅಂತ ಬೇಡ್ಕೊಂಡ್ರಂತೆ." ಮೇಸ್ತ್ರಿ ಲೋಟ ಕೆಳಗಿಟ್ಟರು. "ಅಣ್ಣ ತಮ್ಮಂದಿರ ಕೆಮ್ಮು ಒಂದೇ ಥರ ಇರುತ್ತೆ ಮೇಡಂ. ಸಾಯಂಕಾಲ ಈ ಕಡೆ ಮುನಿರಾಜಪ್ಪ ಕೆಲಸದಿಂದ ಬಂದು ಕೆಮ್ಮಿದ್ರೆ, ಆ ಕಡೆ ದೊಡ್ಡಮ್ಮ ಗೋಡೆಗೆ ಕೆನ್ನೆ ಇಟ್ಟು ನಿಂತ್ಕೊಳ್ಳೋರು. ನಾನೇ ಕಂಡಿದ್ದೀನಿ. ನೀವು ಮೀಟರ್ ಹಿಡೀತೀರಲ್ಲ, ಅದೇ ಎತ್ತರ."

ತೇಜಶ್ರೀ ತನ್ನ ಲೋಟ ಎತ್ತಿಕೊಂಡಳು. ಚಹಾ ಆರಿತ್ತು.

"ಆಮೇಲೆ ನರೇಶ್ ಅಂತ ಒಬ್ಬ ಪೇಂಟರ್ ಬಂದ. ತನ್ನ ಗಿರಾಕಿ ಕಿತ್ಕೊಂಡವನ ಹೆಸರು ತಮಾಷೆಗೆ ಆ ಗೋಡೆ ಮೇಲೆ ಬರೆದ. ವಾರದೊಳಗೆ ನೀರು ಇಲ್ಲಿಂದ ಎದ್ದು ಅವನ ಮನೆಗೆ ಹೋಯ್ತು. ಹಲಸೂರಲ್ಲಿ ಆ ಮನುಷ್ಯ ಮನೆ ಖಾಲಿ ಮಾಡಿದ ದಿನ ವಾಪಸ್ ಬಂತು. ಬರೆಯೋರ ಹೊಟ್ಟೇಲಿ ಉರಿ ಇರ್ಬೇಕು, ಅಷ್ಟೇ. ಗೋಡೆಗೆ ದಾರಿ ಸಿಗುತ್ತೆ."

"ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ ಮೇಸ್ತ್ರಿ," ಎಂದಳು ತೇಜಶ್ರೀ.

ಅದು ಸುಳ್ಳು.

ಸಾಮಿಯಾ ಅವಳ ಜೊತೆಗೇ, ಅದೇ ದಿನ ಕೆಲಸಕ್ಕೆ ಸೇರಿದವಳು. ಇದೇ ಗಲ್ಲಿಯ ಮೊದಲ ಮನೆ ಅವಳ ಪಾಲಿಗೆ ಬಂದಿತ್ತು. ಒಂಬತ್ತೇ ದಿನದಲ್ಲಿ ಒಣಗಿಸಿ, ಒಣಗಿದೆ ಎಂಬ ಪತ್ರ ಕೊಟ್ಟು, ಎರಡನೇ ಮನೆ ಹಿಡಿದಿದ್ದಳು. ಕಂಪನಿಯ ಗ್ರೂಪಿನಲ್ಲಿ ಮೇಲಧಿಕಾರಿ ಮಧುಕರ್ ಅವಳ ಗೋಡೆಯ ಫೋಟೋ ಹಾಕಿ ಚಪ್ಪಾಳೆ ತಟ್ಟಿದ್ದ. ಸೈಟ್ ಹೆಡ್ ಹುದ್ದೆ ಇದ್ದದ್ದು ಒಂದೇ. ಶುಕ್ರವಾರ ಇಬ್ಬರ ಸೈಟೂ ನೋಡಿ ತೀರ್ಮಾನ ಹೇಳುತ್ತೇನೆ ಎಂದಿದ್ದ.

ಸಾಮಿಯಾ ಕೆಟ್ಟವಳಾಗಿದ್ದರೆ ಸುಲಭವಿತ್ತು. ಮಧ್ಯಾಹ್ನ ಡಬ್ಬಿ ಹಿಡಿದು ಇಲ್ಲಿಗೇ ಬರುತ್ತಿದ್ದಳು. "ತಗೋ ತೇಜು, ಮೊಹ್ಸಿನ್ ಮಾಡಿದ್ದು. ಉಪ್ಪು ಜಾಸ್ತಿ, ಆದ್ರೂ ಹೊಗಳ್ಬೇಕು, ಇಲ್ದಿದ್ರೆ ನಾಳೆಯಿಂದ ನಾನೇ ಮಾಡ್ಬೇಕಾಗುತ್ತೆ." ಅವಳು ನಕ್ಕರೆ ಪರದೆಯ ಪ್ಲಾಸ್ಟಿಕ್ ಕೂಡ ನಡುಗುತ್ತಿತ್ತು. ಅವಳು ಕೊಟ್ಟದ್ದನ್ನು ತೇಜಶ್ರೀ ತಿನ್ನುತ್ತಿದ್ದಳು.

ಪ್ರತಿ ಸೈಟಿನಲ್ಲೂ ಒದ್ದೆ ಗೋಡೆಯ ಮೂಲೆಯಲ್ಲಿ 'ಮಾದರಿ' ಎಂದು ಬರೆಯುವುದು ಪದ್ಧತಿ. ಅದೇ ಬೀದಿಯಲ್ಲಿ ಒಣಗಿರುವ ಗೋಡೆಯೊಂದರ ಅಂಕಿ. ನಮ್ಮ ಗೋಡೆ ಅಲ್ಲಿಗೆ ಇಳಿಯಬೇಕು. ಸೋಮವಾರ ಮಧುಕರ್ ಫೋನ್ ಮಾಡಿ, "ಸಾಮಿಯಾದು ಎಂಟಕ್ಕೆ ಬಂದಿದೆ. ಅದನ್ನೇ ಮಾದರಿ ಇಟ್ಕೋ," ಎಂದ. ಸ್ವಲ್ಪ ತಡೆದು, "ಅವಳಿಂದ ಕಲಿ ತೇಜಶ್ರೀ," ಎಂದ.

ಆಗಲೇ ಅವಳು ಸೀಮೆಸುಣ್ಣ ತೆಗೆದುಕೊಂಡದ್ದು. ಆಗಲೇ ಮೇಸ್ತ್ರಿ ಬೇಡ ಎಂದದ್ದು.

ಮೇಸ್ತ್ರಿ ಹೊರಗೆ ಹೋದ ಮೇಲೆ, ಬ್ಲೋವರಿನ ಬೊಬ್ಬೆಯಲ್ಲಿ, ಅವಳು ಬರೆದಳು. ಮೂಲೆಯಲ್ಲಿ ಅಲ್ಲ. ಕಲೆಯ ಮೇಲೇ, ಕೆನ್ನೆಯ ಎತ್ತರದಲ್ಲಿ, ದೊಡ್ಡದಾಗಿ. ಸಾಮಿಯಾ, ಎಂಟು. ಕೊನೆಯ ಗೀಟಿಗೆ ಸೀಮೆಸುಣ್ಣ ಮುರಿಯಿತು.

ಗೋಡೆ ತಣ್ಣಗೆ ಒಮ್ಮೆ ಉಸಿರು ಬಿಟ್ಟಂತಾಯಿತು. ಗಾಳಿ ಇರಬೇಕು ಎಂದುಕೊಂಡಳು.

*

ಮಂಗಳವಾರ ಮೀಟರ್ ಹತ್ತೊಂಬತ್ತು ತೋರಿಸಿತು.

ಬುಧವಾರ ಹದಿಮೂರು.

ಮುನಿಲಕ್ಷ್ಮಮ್ಮ ಅಂಗೈಯನ್ನು ಗೋಡೆಗೆ ಒತ್ತಿ ಬೆರಗಾದಳು. "ಬಿಸಿಲಿಗೆ ಬಿಟ್ಟ ಮಡಕೆ ಥರಾ ಇದೆ ಕಣಮ್ಮ! ಓದಿದೋಳು ಅಂದ್ರೆ ಓದಿದೋಳು." ಒಳಗಿನಿಂದ ಮುನಿರಾಜಪ್ಪ ಕೆಮ್ಮಿದ. ಒಣ ಕೆಮ್ಮು, ಕೊನೆಯಲ್ಲಿ ಒಂದು ಸಣ್ಣ ನರಳಿಕೆ. ಗೋಡೆಯಾಚೆ ಬಳೆಯಿಲ್ಲದ ಕೈಯೊಂದು ಒರಸಿದ ಸದ್ದು ಕೇಳಿಸಿದಂತಾಯಿತು.

ಆ ಮಧ್ಯಾಹ್ನ ಸಾಮಿಯಾ ಡಬ್ಬಿ ಇಲ್ಲದೆ ಬಂದಳು. ಕಣ್ಣು ಊದಿತ್ತು.

"ತೇಜು, ನಮ್ಮನೆ ಗೋಡೆ ಒದ್ದೆ ಆಗ್ತಿದೆ. ರಿಚರ್ಡ್ಸ್ ಟೌನಲ್ಲಿ, ಮೊದಲ್ನೇ ಮಹಡೀಲಿ! ಮಂಚದ ತಲೆ ಹತ್ರ, ಸ್ವಿಚ್ ಬೋರ್ಡಿನ ಪಕ್ಕ. ಪೈಪಿಲ್ಲ ಏನಿಲ್ಲ. ಬೆಳಿಗ್ಗೆ ಮೊಹ್ಸಿನ್ ದಿಂಬು ಹಿಂಡಿದ್ರೆ ನೀರು."

"ಎಷ್ಟು ಎತ್ತರದಲ್ಲಿ?"

ಸಾಮಿಯಾ ಕೈ ತಂದು ತನ್ನ ಕೆನ್ನೆಯ ಪಕ್ಕ ಹಿಡಿದಳು. "ಇಲ್ಲಿ. ಯಾಕೆ ಕೇಳ್ದೆ?"

"ಸುಮ್ನೆ."

"ಒಂದ್ಸಲ ಬಂದು ನೋಡ್ತೀಯಾ? ನನ್ನ ಮನೆ ಅಂದ್ರೆ ನನಗೇ ತಲೆ ಓಡ್ತಿಲ್ಲ. ಮೇನ್ ಆಫ್ ಮಾಡೋಕೂ ಆಗಲ್ಲ. ಅತ್ತೆಗೆ ಆಕ್ಸಿಜನ್ ಮಷೀನ್ ಹಾಕಿದೆ. ಅವ್ರನ್ನ ಎತ್ತಿ ಎಲ್ಲಿಗೆ ಕರ್ಕೊಂಡ್ ಹೋಗ್ಲಿ?"

"ಶುಕ್ರವಾರ ಆಗ್ಲಿ ಸಾಮಿ. ಸೈಟ್ ಬಿಟ್ಟು ಬರೋಕಾಗಲ್ಲ."

ಹೇಳುವಾಗ ತೇಜಶ್ರೀಗೆ ಹೊಟ್ಟೆಯೊಳಗೆ ಯಾರೋ ತಣ್ಣನೆಯ ಕೈ ಇಟ್ಟಂತಾಯಿತು. ಮೂರು ತಿಂಗಳಲ್ಲಿ ಮೊದಲ ಬಾರಿ ಅಲ್ಲಿ ಉರಿ ಇರಲಿಲ್ಲ. ಎಷ್ಟು ಹಿತ ಎಂದರೆ, ಅವಳು ಕಣ್ಣು ಮುಚ್ಚಿದಳು.

ಸಾಮಿಯಾ ಹೋದ ಮೇಲೆ ಮೇಸ್ತ್ರಿ ಬ್ಲೋವರ್ ನಿಲ್ಲಿಸಿದರು. ಗೋಡೆಯ ಮೇಲಿನ ಹೆಸರನ್ನು ನೋಡಿದರು. "ಅಳಿಸಿ ಮೇಡಂ. ಕೈ ಮುಗೀತೀನಿ."

"ಕಾಕತಾಳೀಯ ಮೇಸ್ತ್ರಿ. ಮಾದರಿ ಬರೆಯೋದು ಪದ್ಧತಿ."

"ಪದ್ಧತಿ ಪ್ರಕಾರ ಬರೆದ್ರಾ?"

ತೇಜಶ್ರೀ ಮೀಟರನ್ನು ಚೀಲಕ್ಕೆ ಹಾಕಿದಳು. ಇನ್ನೆರಡು ದಿನ. ಶುಕ್ರವಾರ ಮಧುಕರ್ ನೋಡಿ ಹೋಗಲಿ. ಆಮೇಲೆ ಅಳಿಸಿದರಾಯಿತು.

*

ಗುರುವಾರ ಬೆಳಿಗ್ಗೆ ಗಂಡ ಸೂರ್ಯ ಎಂದಿನಂತೆ ಅವಳನ್ನು ಸ್ಕೂಟರಿನಲ್ಲಿ ಗಲ್ಲಿಯ ಬಾಯಿಗೆ ಬಿಟ್ಟ. ಸೂರ್ಯ ಕೆ.ಆರ್. ಪುರದ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರು. ಅವಳ ಹೆಲ್ಮೆಟ್ಟಿನ ಪಟ್ಟಿಯ ಕೊಕ್ಕೆ ಕೆಟ್ಟು ತಿಂಗಳಾಗಿತ್ತು. ಅವಳಿಗೆ ಬಿಚ್ಚಲು ಬರುತ್ತಿರಲಿಲ್ಲ. ಅವನು ಗದ್ದದ ಕೆಳಗೆ ಎರಡು ಬೆರಳಿಟ್ಟು ಟಕ್ಕೆಂದು ಬಿಚ್ಚುತ್ತಿದ್ದ.

"ಹೊಸಾದು ತಗೊಳ್ಳೋಣ," ಎಂದಳು ಅವಳು.

"ತಗೊಂಡ್ರೆ ನನಗೆ ಕೆಲಸ ಎಲ್ಲಿ ಉಳಿಯುತ್ತೆ?" ಎಂದು ಅವನು ಸ್ಕೂಟರ್ ತಿರುಗಿಸಿದ.

ಆಂಜನಮ್ಮನ ಕಿಟಕಿಯ ಪರದೆ ಸ್ವಲ್ಪ ಸರಿದಿತ್ತು. ತೇಜಶ್ರೀ ಒಳಗೆ ಹೋಗುವವರೆಗೂ ಹಾಗೇ ಇತ್ತು.

ಮೀಟರ್ ಎಂಟು ತೋರಿಸಿತು. ಸರಿಯಾಗಿ ಎಂಟು.

ಸಂಜೆ ನಾಲ್ಕರ ಹೊತ್ತಿಗೆ ಸಾಮಿಯಾ ಫೋನ್ ಮಾಡಿದಳು. ನಗಲು ನೋಡಿದಳು. "ಶಾಕ್ ಹೊಡೀತು ಕಣೇ. ಬೆರಳು ಸುಟ್ಟೋಗಿದೆ, ಗೋಡೆಗೆ ಎಸೀತು ನನ್ನ. ಆ ಗೋಡೆ ಲೈನ್ ಕಿತ್ತಾಕಿದ್ವಿ. ಈಗ ಪಕ್ಕದ ಗೋಡೇಲಿ ಬರ್ತಿದೆ ತೇಜು. ಅತ್ತೆ ಮಷೀನ್ ಹಾಕಿರೋ ಗೋಡೇಲಿ." ಆಮೇಲೆ ಅವಳು ನಗಲಿಲ್ಲ. "ಇಳೀತಾ ಇದೆ. ನಾನು ನೋಡ್ತಾ ಇರೋ ಹಾಗೇ ಇಳೀತಾ ಇದೆ."

ತೇಜಶ್ರೀ ಫೋನ್ ಕಿಸೆಗೆ ಹಾಕಿ ಒದ್ದೆ ಬಟ್ಟೆ ತೆಗೆದುಕೊಂಡಳು.

ಒರೆಸಿದಳು. ಹೋಗಲಿಲ್ಲ. ಉಜ್ಜಿದಳು. ಅಕ್ಷರ ಬೆಳ್ಳಗೆ ನಿಂತಿತ್ತು. ತಂತಿಯ ಬ್ರಶ್ ತಂದಳು. ಗಾರೆ ಉದುರಿತು, ಹೆಸರು ಉದುರಲಿಲ್ಲ. ಉಳಿ ತೆಗೆದುಕೊಂಡು ಹೊಡೆದಳು. ಗಾರೆ ಹಕ್ಕಳೆ ಹಕ್ಕಳೆಯಾಗಿ ಬಿತ್ತು. ಅದರ ಹಿಂದಿನ ಇಟ್ಟಿಗೆಯ ಮೇಲೆ ಅದೇ ಬಿಳಿ. ಅದೇ ಸಾಮಿಯಾ. ಅದೇ ಎಂಟು. ಇಟ್ಟಿಗೆ ಒಡೆದಳು. ಒಳಗೆ ಅಂಗೈಯಷ್ಟು ಪೊಟರೆ. ಪೊಟರೆಯಲ್ಲಿ ಒಂದು ಕುಡಿಕೆ. ಕೈ ಹಾಕಿದಳು. ಮಣಿಗಳಿರಲಿಲ್ಲ. ಕುಡಿಕೆಯ ತಳ ಬೆಚ್ಚಗಿತ್ತು, ಈಗ ತಾನೇ ಯಾರೋ ಕೆನ್ನೆ ತೆಗೆದಂತೆ.

"ನನ್ನ ಹೆಸರು ಬರೀತೀನಿ," ಎಂದಳು. ಬರೆದಳು. ತೇಜಶ್ರೀ. ಮತ್ತೆ ಬರೆದಳು. ಮೀಟರ್ ಎಂಟರಲ್ಲೇ ಇತ್ತು. ಕಿಸೆಯಲ್ಲಿ ಫೋನ್ ಮತ್ತೆ ಮತ್ತೆ ಅದುರುತ್ತಿತ್ತು.

ಮೇಸ್ತ್ರಿ ತಲೆಯಾಡಿಸಿದರು. "ನಿಮ್ಮ ಹೆಸರಿಗೆ ನಿಮ್ಮ ಹೊಟ್ಟೆ ಉರಿಯುತ್ತಾ ಮೇಡಂ? ಉರಿಯೋರು ಬರೀಬೇಕು."

"ನನ್ನ ಮೇಲೆ ಯಾರಿಗೆ ಉರಿ?"

ಮೇಸ್ತ್ರಿ ಗೋಡೆಯ ಕಡೆ ನೋಡಿದರು. ಗೋಡೆಯಾಚೆಗೆ.

ತೇಜಶ್ರೀ ನಿಂತಲ್ಲೇ ಲೆಕ್ಕ ಹಾಕಿದಳು. ಅವಳು ತರಬೇತಿ ಪಡೆದವಳು. ತನ್ನ ಹೆಸರು ಬಂದರೆ ನೀರು ತನ್ನ ಮನೆಗೆ ಬರುತ್ತದೆ. ಸಿ.ವಿ. ರಾಮನ್ ನಗರದ ಬಾಡಿಗೆ ಮನೆ, ಎರಡೇ ಕೋಣೆ. ಸೂರ್ಯನಿಗೆ ಟ್ಯೂಷನ್ ಇದೆ, ಏಳಕ್ಕೆ ಮುಂಚೆ ಬರುವುದಿಲ್ಲ. ತಾನು ಆರಕ್ಕೆ ತಲುಪಿ ಮೇನ್ ಇಳಿಸಿದರೆ ಮುಗಿಯಿತು. ಒದ್ದೆ ಗೋಡೆ ತಾನೆ? ಒದ್ದೆ ಗೋಡೆ ಅವಳ ಕಸುಬು.

*

ಆಂಜನಮ್ಮನ ಮನೆಯಲ್ಲಿ ಯಾವ ವಾಸನೆಯೂ ಇರಲಿಲ್ಲ. ಅದೇ ಹೆದರಿಕೆ ಹುಟ್ಟಿಸುವಂತಿತ್ತು. ಒಲೆ, ಎಣ್ಣೆ, ಸೋಪು, ಮನುಷ್ಯರು, ಯಾವುದರದ್ದೂ ಇಲ್ಲ. ಆಂಜನಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವಳ ಕಣ್ಣುಗಳು ಬಹಳ ದಿನ ನೀರು ಕಾಣದ ಬಚ್ಚಲಿನಂತೆ ಬಿಳಿಚಿಕೊಂಡಿದ್ದವು.

"ಅಮ್ಮ, ಒಂದು ಹೆಸರು ಬರೆದುಕೊಡ್ಬೇಕು."

"ಯಾರ್ದು?"

"ನಂದು."

ಆಂಜನಮ್ಮ ಬಹಳ ಹೊತ್ತು ಅವಳ ಗದ್ದವನ್ನೇ ನೋಡಿದಳು. "ಬೆಳಿಗ್ಗೆ ಬಿಡೋಕೆ ಬರ್ತಾನಲ್ಲ, ಅವನು ಗಂಡನಾ?"

"ಹೂಂ."

"ಮನೆಗೆ ಬಂದಾಗ ಕೆಮ್ಮುತ್ತಾನಾ?"

"ಇಲ್ಲ. ಚಪ್ಪಲಿ ಒದರ್ತಾನೆ. ಎರಡು ಸಲ."

"ಎರಡು ಸಲ," ಎಂದಳು ಆಂಜನಮ್ಮ. ಎದ್ದಳು.

ಹನ್ನೊಂದು ವರ್ಷದ ಮೇಲೆ ಆ ಹೊಸ್ತಿಲು ದಾಟಿ ಅವಳು ಒಳಗೆ ಬಂದಾಗ ಮುನಿಲಕ್ಷ್ಮಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕಾ," ಎಂದಳು, ಅಷ್ಟೇ. ಆಂಜನಮ್ಮ ಅವಳತ್ತ ತಿರುಗಲಿಲ್ಲ. ಪರದೆಯೊಳಗೆ ಹೋಗಿ, ಒಡೆದ ಇಟ್ಟಿಗೆಯ ಮೇಲೆ, ಸೀಮೆಸುಣ್ಣದಿಂದ ನಿಧಾನವಾಗಿ, ಶಾಲೆಯ ಹುಡುಗಿಯಂತೆ ಒತ್ತಿ ಒತ್ತಿ ಬರೆದಳು. ಒಂದೊಂದು ಅಕ್ಷರಕ್ಕೂ ತೇಜಶ್ರೀಯ ಮುಖ ನೋಡಿದಳು. ಬರೆದಂತೆ ಬರೆದಂತೆ ಕೆಳಗಿನ ಸಾಮಿಯಾ ಮಸುಕಾಯಿತು. ಆಮೇಲೆ ಇರಲೇ ಇಲ್ಲ.

ಫೋನ್ ಬಂತು. "ತೇಜು! ನಿಂತೋಯ್ತು! ಒಣಗ್ತಾ ಇದೆ, ಕಣ್ಣೆದುರಿಗೇ!" ಸಾಮಿಯಾ ಅಳುತ್ತಿದ್ದಳು, ನಗುತ್ತಿದ್ದಳು. ಹಿಂದೆ ಮೊಹ್ಸಿನ್ ಏನೋ ಕೂಗುತ್ತಿದ್ದ.

ನಾಲ್ಕೂ ಐವತ್ತು. ಮೇಸ್ತ್ರಿ ಆಂಜನಮ್ಮನ ಮೊಣಕೈ ಹಿಡಿದು ಆಚೆ ಕರೆದುಕೊಂಡು ಹೋದರು. ಹೋಗುವಾಗ ಪರದೆಯ ಜಿಪ್ ಎಳೆದು, ಒಡೆದ ಗೋಡೆಯ ಧೂಳು ಹೊರಹೋಗಲೆಂದು ಬ್ಲೋವರ್ ಹಾಕಿ ಹೋದರು. ತೇಜಶ್ರೀ ಮೀಟರನ್ನು ಚೀಲಕ್ಕೆ ತುಂಬುತ್ತಿದ್ದಳು. ಮತ್ತೆ ಫೋನ್.

ಸೂರ್ಯ.

"ತೇಜು, ಇವತ್ತು ಟ್ಯೂಷನ್ ಇಲ್ಲ, ಬೇಗ ಬಂದ್ಬಿಟ್ಟೆ. ನಮ್ಮ ರೂಮಿನ ಗೋಡೆ ನೋಡು, ಪೂರ್ತಿ ಒದ್ದೆ! ಮಂಚದ ಹತ್ರ. ನಿನ್ನ ಹೆಂಡತಿ ಕಸುಬು ಮನೆಗೇ ಬಂತು ಅಂತ ನಗ್ತಿದ್ದಾರೆ ಪಕ್ಕದ ಮನೆಯೋರು." ಅವನೂ ನಗುತ್ತಿದ್ದ. "ನೀನೇ ಹೇಳ್ತೀಯಲ್ಲ, ಒಣಗೋಕೆ ಗಾಳಿ ಆಡ್ಬೇಕು ಅಂತ. ಫ್ಯಾನ್ ಹಾಕ್ಲಾ?"

"ಹಾಕ್ಬೇಡ!"

"ಏನು? ಗಾಳಿ ಸದ್ದು ತೇಜು."

"ಫ್ಯಾನ್ ಹಾಕ್ಬೇಡ! ಸೂರ್ಯ, ಹಾಕ್ಬೇಡ!"

"ಹಾಕು ತಾನೆ?"

ಬ್ಲೋವರಿನ ಸ್ವಿಚ್ ಪರದೆಯಾಚೆ ಇತ್ತು. ಅವಳು ಪರದೆಯ ಜಿಪ್ ಹಿಡಿದಳು. ಜಿಪ್ ಕಚ್ಚಿಕೊಂಡಿತು. ಎಳೆದಳು. ಬರಲಿಲ್ಲ. ಕಿರುಚಿದಳು. ಬೇಡ ಎಂದಳು. ಬೇಡ. ಬೇಡ. ಗಾಳಿ ಅದನ್ನು ಬಾಯಿಂದಲೇ ಕಿತ್ತುಕೊಂಡಿತು. ಅವಳು ಕೈ ಎತ್ತಿ ಅಡ್ಡ ಆಡಿಸಿದಳು. ಎರಡೂ ಕೈ. ಜೋರಾಗಿ. ಫೋನಿಗೆ ಕೈ ಕಾಣುವುದಿಲ್ಲ.

"ಸರಿ ಬಿಡು, ಹಾಕ್ತೀನಿ," ಎಂದ ಸೂರ್ಯ.

ಟಕ್ ಎಂಬ ಸದ್ದು. ಗದ್ದದ ಕೆಳಗೆ ಕೊಕ್ಕೆ ಬಿಚ್ಚಿದಂಥ ಸದ್ದು.

ಆಮೇಲೆ ಬ್ಲೋವರಿನ ಗಾಳಿ ಮಾತ್ರ.

*

ಆಂಜನಮ್ಮ ಅತ್ತಳು. ಸುದ್ದಿ ಗಲ್ಲಿಗೆ ಬಂದ ಹೊತ್ತಿಗೆ ಮನೆಯ ಮೆಟ್ಟಿಲ ಮೇಲೆ ಕೂತು, ಎದೆ ಬಡಿದುಕೊಂಡು, ತಾನು ಒಮ್ಮೆಯೂ ಮಾತಾಡಿಸದ ಯಾರದೋ ಗಂಡನಿಗಾಗಿ ಹನ್ನೊಂದು ವರ್ಷದ ಅಳು ಅತ್ತಳು. ಮುನಿಲಕ್ಷ್ಮಮ್ಮ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದಳಂತೆ. ಇದನ್ನು ಓವೈಸ್ ಮೇಸ್ತ್ರಿ ಬಂದು ಹೇಳಿದರು. ಹೇಳುವಾಗ ತೇಜಶ್ರೀಯ ಕಣ್ಣನ್ನು ನೋಡಲಿಲ್ಲ.

ತೇಜಶ್ರೀ ಅಳಲಿಲ್ಲ. ಬರಲಿಲ್ಲ. ತುಮಕೂರಿನಿಂದ ಬಂದ ಹೆಂಗಸರು ಅಡಿಗೆಮನೆಯಲ್ಲಿ ಅದನ್ನೇ ಪಿಸುಗುಟ್ಟಿಕೊಂಡರು.

ಊರಿಗೆ ಬಾ ಎಂದರು. ಅವಳು ಆ ಮನೆ ಬಿಡಲಿಲ್ಲ. ಕರೆಂಟಿನ ಮೇನ್ ಇಳಿಸಿ, ಮೇಣದಬತ್ತಿ ಹಚ್ಚಿಕೊಂಡು ಇದ್ದಳು. ಮಂಚದ ಪಕ್ಕದ ಗೋಡೆಯಲ್ಲಿ ಕೆನ್ನೆಯ ಎತ್ತರಕ್ಕೆ ತೇವ ಇತ್ತು. ಸಂಜೆ ಪಕ್ಕದ ಮನೆಯ ಗಂಡಸು ಬಂದು ಚಪ್ಪಲಿ ಬಿಡುವ ಸದ್ದು ಅಲ್ಲಿ ಚೆನ್ನಾಗಿ ಕೇಳುತ್ತಿತ್ತು. ಅವನು ಒಂದೇ ಸಲ ಒದರುತ್ತಿದ್ದ. ಎರಡನೆಯದಕ್ಕೆ ಅವಳು ಕೆನ್ನೆ ಒತ್ತಿ ಕಾಯುತ್ತಿದ್ದಳು.

ಹನ್ನೆರಡನೆಯ ದಿನ ಸಾಮಿಯಾ ಬಂದಳು. ಈಗ ಅವಳೇ ಸೈಟ್ ಹೆಡ್. ಹೇಳಲಿಲ್ಲ, ತೇಜಶ್ರೀಗೆ ಗೊತ್ತಿತ್ತು. ಕಿಟಕಿಯಿಂದ ನೋಡಿದಳು. ಕೆಳಗೆ ಮೊಹ್ಸಿನ್ ಸ್ಕೂಟರ್ ನಿಲ್ಲಿಸಿದ. ಸಾಮಿಯಾಳ ಬೆರಳಿಗೆ ಇನ್ನೂ ಪಟ್ಟಿ ಇತ್ತು. ಹೆಲ್ಮೆಟ್ ಬಿಚ್ಚಲು ಆಗುತ್ತಿರಲಿಲ್ಲ. ಮೊಹ್ಸಿನ್ ಅವಳ ಗದ್ದದ ಕೆಳಗೆ ಎರಡು ಬೆರಳಿಟ್ಟು ಬಿಚ್ಚಿದ.

ಮೇಲೆ ಬಂದು ಸಾಮಿಯಾ ಅವಳನ್ನು ತಬ್ಬಿಕೊಂಡು ಅತ್ತಳು. ಬಿಸಿ ನೀರು ತೇಜಶ್ರೀಯ ಕುತ್ತಿಗೆಯ ಮೇಲೆ ಇಳಿಯಿತು. ಎಷ್ಟು ಸುಲಭವಾಗಿ ಬರುತ್ತದೆ ಇವಳಿಗೆ, ಎಂದುಕೊಂಡಳು ತೇಜಶ್ರೀ.

"ಏನಾದ್ರೂ ಬೇಕಾ ತೇಜು? ಏನ್ ಬೇಕಾದ್ರೂ ಹೇಳು."

"ಬೇಡ," ಎಂದಳು. ಮನೆಯಲ್ಲಿ ಯಾವ ಗಾಳಿಯೂ ಇರಲಿಲ್ಲ. ಆ ಮಾತು ಸ್ಪಷ್ಟವಾಗಿ ಕೇಳಿಸಿತು.

ಸ್ಕೂಟರಿನ ಸದ್ದು ಬೀದಿಯ ತಿರುವು ದಾಟುವವರೆಗೆ ಕಾದಳು. ಆಮೇಲೆ ಕೆಲಸದ ಚೀಲ ತೆರೆದಳು. ಮೀಟರ್ ಗೋಡೆಗೆ ಹಿಡಿದಳು. ಇಪ್ಪತ್ನಾಲ್ಕು.

ಒದ್ದೆ ಗೋಡೆಗೆ ಮಾದರಿ ಬೇಕು. ಅದು ಪದ್ಧತಿ.

ಚೀಲದ ತಳದಲ್ಲಿ ಸೀಮೆಸುಣ್ಣದ ಮುರಿದ ತುಂಡು ಸಿಕ್ಕಿತು. ಹೊಟ್ಟೆಯೊಳಗೆ ಆಗಲೇ ತಣ್ಣಗಾಗತೊಡಗಿತ್ತು.